ಡಂಪರೋ ಬೆಲ್ಟೋ: ತೆರೆದ ಗಣಿಯ ಮುಗಿಯದ ಲೆಕ್ಕ

ತೆರೆದ ಗಣಿಯಲ್ಲಿ ಅಗೆತಕ್ಕಿಂತ ಸಾಗಾಟವೇ ದುಬಾರಿ. ಗಣಿ ನಡೆಸುವ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಅದಕ್ಕೇ ಹೋಗುತ್ತದೆ. ಆ ಭಾರವನ್ನು ಡಂಪರ್ ಹೊರಬೇಕೇ, ಕನ್ವೇಯರ್ ಬೆಲ್ಟ್ ಹೊರಬೇಕೇ ಎಂಬ ಚರ್ಚೆ ಡೀಸೆಲ್ ದರ ಏರಿದಾಗಲೆಲ್ಲ ಮೇಲೇಳುತ್ತದೆ, ಇಳಿದಾಗ ತಣ್ಣಗಾಗುತ್ತದೆ.

1890ರ ದಶಕದಲ್ಲಿ ಅಮೆರಿಕದ ಸಂಶೋಧಕ ಥಾಮಸ್ ರಾಬಿನ್ಸ್ ಅವರು ಎಡಿಸನ್ ಅವರ ಅದಿರು ಘಟಕಕ್ಕಾಗಿ ರೂಪಿಸಿದ ರಬ್ಬರ್ ಬೆಲ್ಟ್, ಮುಂದೆ ಜರ್ಮನಿಯ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳ ಬೆನ್ನೆಲುಬಾಯಿತು. ಅಲ್ಲಿನ ನೆಲ ಮೃದು. ಅಗೆಯುವ ಯಂತ್ರದ ದೈತ್ಯ ಚಕ್ರ ಕೆರೆದದ್ದು ನೇರ ಬೆಲ್ಟಿಗೇ ಬೀಳುತ್ತದೆ. ಗಟ್ಟಿ ಬಂಡೆಯ ಗಣಿಗೆ ಆ ಭಾಗ್ಯವಿಲ್ಲ. ಸಿಡಿಸಿದ ಕಲ್ಲನ್ನು ಸುಮಾರು ಒಂದು ಅಡಿಗಿಂತ ಚಿಕ್ಕದಾಗಿ ಒಡೆಯದೆ ಬೆಲ್ಟಿಗೆ ಹಾಕುವಂತಿಲ್ಲ. ಹಾಗಾಗಿ ಕಲ್ಲು ಒಡೆಯುವ ಕ್ರಷರನ್ನೇ ಗುಂಡಿಯೊಳಗೆ ಇಳಿಸುವ ಪ್ರಯತ್ನ ಶುರುವಾಯಿತು.

1973ರ ತೈಲ ಬಿಕ್ಕಟ್ಟು ಈ ಪ್ರಯತ್ನಕ್ಕೆ ಜೀವ ತುಂಬಿತು. ಬೆಲ್ಟಿನ ಪರವಾದ ವಾದ ಸರಳವಾಗಿತ್ತು, ಇಂದಿಗೂ ಸರಳವಾಗಿಯೇ ಇದೆ. 363 ಟನ್ ಹೊರುವ ಇಂದಿನ ಡಂಪರಿನ ಸ್ವಂತ ತೂಕವೇ ಸುಮಾರು 260 ಟನ್. ಪ್ರತಿ ಸಲ ಅದು ತನ್ನ ಮೈಯನ್ನೂ ಮೇಲಕ್ಕೆ ಎಳೆಯಬೇಕು, ಬಳಿಕ ಬರಿದಾಗಿ ಇಳಿಯಬೇಕು. ಅದರ ರಸ್ತೆ 100 ಮೀಟರಿಗೆ 10 ಮೀಟರ್ ಏರಿದರೆ ಹೆಚ್ಚು. ಅಷ್ಟೇ ದೂರದಲ್ಲಿ ಬೆಲ್ಟ್ 25 ಮೀಟರ್ ಏರಬಲ್ಲದು, ಅದೂ ವಿದ್ಯುತ್ತಿನಲ್ಲಿ. ಗುಂಡಿ ಆಳವಾದಷ್ಟೂ ಬೆಲ್ಟಿನ ಲಾಭ ಹೆಚ್ಚು.

ಆದರೆ 1986ರಲ್ಲಿ ತೈಲ ಬೆಲೆ ಕುಸಿಯಿತು. ಸಾಮಾನ್ಯವಾಗಿ 150 ಟನ್ ಹೊರುತ್ತಿದ್ದ ಡಂಪರುಗಳ ಜಾಗಕ್ಕೆ 1998ರ ಹೊತ್ತಿಗೆ 320 ಟನ್ ದಾಟಿದವು ಬಂದವು. ಬೆಲ್ಟಿಗೆ ತನ್ನದೇ ದೌರ್ಬಲ್ಯವೂ ಇತ್ತು: ಕಲ್ಲು ಬಾಚುವ ಷವೆಲ್, ಕ್ರಷರ್, ಬೆಲ್ಟ್, ಕೊನೆಯಲ್ಲಿ ಕಲ್ಲುಮಣ್ಣು ಹರಡುವ ಸ್ಪ್ರೆಡರ್ ಒಂದೇ ಸರಪಳಿ. ನಾಲ್ಕೂ ತಲಾ ಶೇ 90ರಷ್ಟು ಹೊತ್ತು ಸುಸ್ಥಿತಿಯಲ್ಲಿದ್ದರೂ ಇಡೀ ಸಾಲು ನಡೆಯುವುದು ಶೇ 66ರಷ್ಟು ಹೊತ್ತು ಮಾತ್ರ. ಹತ್ತು ಡಂಪರುಗಳಲ್ಲಿ ಒಂದು ಕೆಟ್ಟರೆ ಒಂಬತ್ತು ಓಡುತ್ತಿರುತ್ತವೆ.

ಇನ್ನೊಂದು ತೊಡಕು ಯಂತ್ರದ್ದಲ್ಲ, ಲೆಕ್ಕದ ಪುಸ್ತಕದ್ದು. ಬೆಲ್ಟ್ ತನ್ನ ಬಂಡವಾಳವನ್ನೆಲ್ಲ ಮೊದಲ ದಿನವೇ ಕೇಳುತ್ತದೆ; ಡಂಪರುಗಳನ್ನು ಬೇಕಾದಂತೆ ಒಂದೊಂದಾಗಿ ಕೊಳ್ಳಬಹುದು. ವರ್ಷಕ್ಕೆ ಶೇ 10ರ ಬಡ್ಡಿ ದರದಲ್ಲಿ ಎಣಿಸಿದರೆ, ಇಪ್ಪತ್ತು ವರ್ಷದ ಬಳಿಕ ಉಳಿಯುವ 100 ರೂಪಾಯಿಗೆ ಇಂದಿನ ಮೌಲ್ಯ ಕೇವಲ 15 ರೂಪಾಯಿ. ಬೆಲ್ಟ್ ಹಣ ಉಳಿಸುವುದೇ ಗುಂಡಿ ಆಳವಾದ ಆ ಮುಂದಿನ ವರ್ಷಗಳಲ್ಲಿ! ಹೀಗಾಗಿ ಗಣಿಯ ನಕ್ಷೆ ಡಂಪರಿನ ಸುತ್ತುರಸ್ತೆಗೆ ತಕ್ಕಂತೆ ಮೂಡುತ್ತದೆ. ಮುಂದೆ ಬೆಲ್ಟ್ ಬೇಕೆನಿಸಿದಾಗ ಅದನ್ನು ನೇರವಾಗಿ ಹಾಸಲು ಗೋಡೆಯಲ್ಲಿ ಜಾಗವೇ ಇರುವುದಿಲ್ಲ. ನಕ್ಷೆಗೆ ಸಹಿ ಹಾಕುವವರು ಒಬ್ಬರು, ಆಳದ ಖರ್ಚು ಹೊರುವವರು ಇನ್ನೊಬ್ಬರು.

ಮೊದಲ ಗೆರೆಯಿಂದಲೇ ಬೆಲ್ಟಿಗಾಗಿ ಚಿತ್ರಿಸಿದ ಗಣಿಗಳು ವಿರಳ. 2016ರ ಕೊನೆಯಲ್ಲಿ ಉದ್ಘಾಟನೆಗೊಂಡ ಬ್ರೆಜಿಲ್‌ನ ಎಸ್11ಡಿ ಕಬ್ಬಿಣದ ಗಣಿ ಅಂಥದ್ದು: ಮೂಲ ಯೋಜನೆಯಲ್ಲಿ ವರ್ಷಕ್ಕೆ 9 ಕೋಟಿ ಟನ್ ಸಾಮರ್ಥ್ಯ, ಡಂಪರಿಲ್ಲದ ಸಾಗಾಟ. ಅಲ್ಲಿಯೂ ಅದಿರಿನ ನಡುವೆ ಸಿಕ್ಕ ಜಾಸ್ಪಿಲೈಟ್ ಎಂಬ ಗಟ್ಟಿಗಲ್ಲು ಉತ್ಪಾದನೆ ತಗ್ಗಿಸಿತು. ಅದನ್ನು ಒಡೆಯಲೆಂದೇ ಬೇರೆ ಕ್ರಷರುಗಳನ್ನು ತರಬೇಕಾಯಿತು.