ಗೋಲು ಹೊಡೆಯುವವನ ತಪ್ಪಿಗೆ ಎಷ್ಟು ಮಾಫಿ? ಫುಟ್‌ಬಾಲ್ ಅಭಿಮಾನಿಗಳ ಹಳೆಯ ವಾಗ್ವಾದ

ಫುಟ್‌ಬಾಲ್ ಅಭಿಮಾನಿಗಳು ಸೇರಿದ ಕಡೆ ಮಾತು ಹೆಚ್ಚಾಗಿ ಮೂರು ವಿಷಯಗಳ ಸುತ್ತ ತಿರುಗುತ್ತದೆ. ಆಟಗಾರನ ನಡತೆ ಹೇಗಿದೆ, ಬದ್ಧ ಎದುರಾಳಿ ಕ್ಲಬ್ಬಿನೊಡನೆ ಅವನಿಗಿರುವ ನಂಟೇನು, ತಂಡದಲ್ಲಿ ಈಗ ಯಾವ ಜಾಗ ಖಾಲಿಯಿದೆ. ಮೇಲ್ನೋಟಕ್ಕೆ ಇವು ಮೂರು ಬೇರೆ ಬೇರೆ ಚರ್ಚೆಗಳು: ಮೊದಲನೆಯದು ನೀತಿಗೆ, ಎರಡನೆಯದು ಭಾವನೆಗೆ, ಮೂರನೆಯದು ಲೆಕ್ಕಾಚಾರಕ್ಕೆ ಸೇರಿದ್ದು. ಆದರೆ ಈ ವಾಗ್ವಾದ ಬಹಳ ಜೋರಾಗಿ ನಡೆದಿರುವ ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯನ್ನು ಹಿಡಿದು ನಡೆದರೆ, ಮೂರನೆಯದೇ ಉಳಿದೆರಡನ್ನು ಆಳುತ್ತ ಬಂದಿರುವುದು ಕಾಣುತ್ತದೆ. ತಂಡದ ಕೊರತೆ ದೊಡ್ಡದಾಗಿದ್ದಾಗ ಆಟಗಾರನ ತಪ್ಪು ಚಿಕ್ಕದಾಗುತ್ತದೆ. ಕೊರತೆ ನೀಗಿತೆಂದರೆ ಅದೇ ತಪ್ಪು ಬೆಟ್ಟದಷ್ಟಾಗುತ್ತದೆ.

ಮೊದಮೊದಲು ಈ ಮೂರು ಚರ್ಚೆಗಳು ಒಂದರೊಳಗೊಂದು ಬೆರೆಯಲು ಅವಕಾಶವೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ವೃತ್ತಿಪರ ಆಟಕ್ಕೆ 1885ರಲ್ಲಿ ಒಪ್ಪಿಗೆ ಸಿಕ್ಕಿ, 1888ರಲ್ಲಿ ಹನ್ನೆರಡು ಕ್ಲಬ್ಬುಗಳ ಲೀಗ್ ಆರಂಭವಾದ ಕೆಲವೇ ವರ್ಷಗಳಲ್ಲಿ, ಒಪ್ಪಂದದ ಅವಧಿ ಮುಗಿದ ಮೇಲೂ ಕ್ಲಬ್ಬಿನ ಅನುಮತಿಯಿಲ್ಲದೆ ಆಟಗಾರ ಬೇರೆಡೆ ಹೋಗುವಂತಿಲ್ಲ ಎಂಬ ಕಟ್ಟಳೆ ಬಂತು. 1901ರಲ್ಲಿ ವಾರಕ್ಕೆ ನಾಲ್ಕು ಪೌಂಡಿನ ಗರಿಷ್ಠ ವೇತನವನ್ನೂ ನಿಗದಿ ಮಾಡಲಾಯಿತು. ಹೋಗಲು ಬಾಗಿಲಿಲ್ಲದವನ ನಿಷ್ಠೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಹಾಗಾಗಿ ಆಗಿನ ಸಿಟ್ಟು ಆಟಗಾರನನ್ನು ಬಿಟ್ಟು ಕ್ಲಬ್ಬಿನ ಆಡಳಿತದ ಮೇಲೆ ತಿರುಗುತ್ತಿತ್ತು. 1905ರ ಫೆಬ್ರುವರಿಯಲ್ಲಿ ಮಿಡಲ್ಸ್‌ಬರೋ ಕ್ಲಬ್ಬು ಕೆಳಗಿನ ವಿಭಾಗಕ್ಕೆ ಜಾರುವ ಭಯದಲ್ಲಿದ್ದಾಗ, ನೆರೆಯ ಸಂಡರ್ಲೆಂಡಿನಿಂದ ಆಲ್ಫ್ ಕಾಮನ್ ಅವರನ್ನು ಸಾವಿರ ಪೌಂಡ್ ಕೊಟ್ಟು ತಂದಿತು. ಅಷ್ಟು ದೊಡ್ಡ ಮೊತ್ತ ಅದುವರೆಗೆ ಯಾವ ಆಟಗಾರನಿಗೂ ಸಂದಿರಲಿಲ್ಲ. ದುಡ್ಡು ಚೆಲ್ಲಿ ವಿಭಾಗದಲ್ಲಿ ಉಳಿಯುವುದು ಕ್ರೀಡೆಯೇ ಎಂಬ ಟೀಕೆ ಎದ್ದಿತು. ಕಾಮನ್ ತಮ್ಮ ಮೊದಲ ಪಂದ್ಯದಲ್ಲೇ ಪೆನಾಲ್ಟಿಯಿಂದ ಗೋಲು ಹೊಡೆದು ಶೆಫೀಲ್ಡ್ ಯುನೈಟೆಡ್ ವಿರುದ್ಧ ಗೆಲುವು ತಂದರು, ಮಿಡಲ್ಸ್‌ಬರೋ ಬಚಾವಾಯಿತು. ನೆರೆಹೊರೆಯ ಪೈಪೋಟಿ, ತಂಡದ ಕೊರತೆ, ಹಣ ಮೂರೂ ಆ ಒಂದು ವ್ಯವಹಾರದಲ್ಲಿದ್ದವು. ಆಟಗಾರನ ಸ್ವಂತ ಇಚ್ಛೆಗೆ ಮಾತ್ರ ಅಲ್ಲಿ ದೊಡ್ಡ ಬೆಲೆ ಇರಲಿಲ್ಲ.

ಆ ಇಚ್ಛೆಗೆ ಬೆಲೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ 1961ರಲ್ಲಿ ಗರಿಷ್ಠ ವೇತನದ ನಿಯಮ ರದ್ದಾಯಿತು; ಅಲ್ಲಿಯವರೆಗೆ ವಾರಕ್ಕೆ ಇಪ್ಪತ್ತು ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ, ಅದಾದ ಮೇಲೆ ಫುಲಮ್‌ನ ಜಾನಿ ಹೇನ್ಸ್ ನೂರು ಪೌಂಡ್ ಪಡೆಯತೊಡಗಿದರು. 1963ರಲ್ಲಿ ಜಾರ್ಜ್ ಈಸ್ಟಮ್ ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಆಟಗಾರನನ್ನು ಕಟ್ಟಿಹಾಕುವ ಹಳೆಯ ಪದ್ಧತಿ ವೃತ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ನ್ಯಾಯಾಲಯ ಹೇಳಿತು. ಇದೇ ಹೊತ್ತಿಗೆ ತಂಡದ ಸ್ವರೂಪವೂ ಬದಲಾಗುತ್ತಿತ್ತು. ಇಂಗ್ಲಿಷ್ ಲೀಗಿನಲ್ಲಿ 1965ರವರೆಗೆ ಬದಲಿ ಆಟಗಾರನೇ ಇರಲಿಲ್ಲ. ಒಬ್ಬನ ಕಾಲು ಮುರಿದರೆ ಉಳಿದ ಹತ್ತು ಮಂದಿಯೇ ಆಡಬೇಕಿತ್ತು. ಬೆಂಚಿನ ಮೇಲೆ ಒಬ್ಬ ಕುಳಿತ ದಿನದಿಂದ, ಅವನನ್ನು ಏಕೆ ಇಳಿಸಲಿಲ್ಲ ಎಂಬ ಪ್ರಶ್ನೆಯೂ ಹುಟ್ಟಿತು. ಅಭಿಮಾನಿಗಳ ಮಾತುಗಳಲ್ಲಿ ಅರ್ಧದಷ್ಟು ಇಂದಿಗೂ ಅದೇ ಪ್ರಶ್ನೆ.

ಬಾಗಿಲು ತೆರೆದಾಗ ಎದುರಾಳಿ ಕ್ಲಬ್ಬಿಗೆ ದಾಟುವುದು ಆಟಗಾರನ ಆಯ್ಕೆಯಾಯಿತು, ಆಯ್ಕೆಯಾದ ಕೂಡಲೇ ದ್ರೋಹವೂ ಆಯಿತು. ಸ್ಕಾಟ್ಲೆಂಡಿನಲ್ಲಿ 1989ರ ಬೇಸಿಗೆಯಲ್ಲಿ ನಡೆದದ್ದು ಇದರ ಅತ್ಯಂತ ಕಹಿ ಉದಾಹರಣೆ. ಕ್ಯಾಥೊಲಿಕ್ ಗುರುತಿನ ಸೆಲ್ಟಿಕ್ ಕ್ಲಬ್ಬಿನ ಮಾಜಿ ಸ್ಟ್ರೈಕರ್ ಮೋ ಜಾನ್‌ಸ್ಟನ್ ಫ್ರಾನ್ಸಿನಿಂದ ಮರಳಿ ಅದೇ ಕ್ಲಬ್ಬಿಗೆ ಬರುತ್ತಾರೆಂದು ಘೋಷಣೆಯೂ ಆಗಿ, ಸೆಲ್ಟಿಕ್ ಅಂಗಿ ಹಿಡಿದು ನಿಂತ ಅವರ ಚಿತ್ರ ಪ್ರಕಟವಾದ ಮೇಲೆ, ಬದ್ಧ ಎದುರಾಳಿ ರೇಂಜರ್ಸ್‌ನ ಮ್ಯಾನೇಜರ್ ಗ್ರೇಮ್ ಸೂನೆಸ್, ಜಾನ್‌ಸ್ಟನ್ ಅವರನ್ನು ತಮ್ಮ ಕ್ಲಬ್ಬಿಗೆ ಸೇರಿಸಿಕೊಂಡರು. ಪ್ರಾಟೆಸ್ಟಂಟ್ ಗುರುತಿನ ರೇಂಜರ್ಸ್ ಅಷ್ಟು ಹೆಸರುವಾಸಿಯಾದ ಕ್ಯಾಥೊಲಿಕ್ ಆಟಗಾರನನ್ನು ಆಧುನಿಕ ಕಾಲದಲ್ಲಿ ಬಹಿರಂಗವಾಗಿ ಸೇರಿಸಿಕೊಂಡದ್ದು ಅದೇ ಮೊದಲು. ಸೆಲ್ಟಿಕ್ ಅಭಿಮಾನಿಗಳಿಗೆ ಅವರು ದ್ರೋಹಿಯಾದರು, ರೇಂಜರ್ಸ್ ಅಭಿಮಾನಿಗಳಲ್ಲಿ ಕೆಲವರು ತಮ್ಮ ಕ್ಲಬ್ಬಿನ ಶಾಲುಗಳಿಗೇ ಬೆಂಕಿ ಹಚ್ಚಿದರು. ಅದೇ ನವೆಂಬರಿನಲ್ಲಿ ಸೆಲ್ಟಿಕ್ ವಿರುದ್ಧ ಪಂದ್ಯ ಮುಗಿಯುವ ಹಂತದಲ್ಲಿ ಜಾನ್‌ಸ್ಟನ್ ಗೆಲುವಿನ ಗೋಲು ಹೊಡೆದಾಗ ಮಾತ್ರ ರೇಂಜರ್ಸ್‌ನ ಐಬ್ರಾಕ್ಸ್ ಕ್ರೀಡಾಂಗಣ ಕುಣಿಯಿತು.

ಮೂರೂ ಎಳೆಗಳು ಒಬ್ಬನೇ ಮನುಷ್ಯನಲ್ಲಿ ಹೆಣೆದುಕೊಂಡದ್ದನ್ನು ನೋಡಬೇಕಾದರೆ ಎರಿಕ್ ಕ್ಯಾಂಟೊನಾ ಅವರ ಕಡೆಗೇ ಬರಬೇಕು. ಫ್ರಾನ್ಸಿನಲ್ಲಿ 1991ರ ಡಿಸೆಂಬರಿನಲ್ಲಿ ರೆಫರಿಯತ್ತ ಚೆಂಡೆಸೆದು ಒಂದು ತಿಂಗಳ ನಿಷೇಧಕ್ಕೆ ಗುರಿಯಾದ ಅವರು, ವಿಚಾರಣಾ ಸಮಿತಿಯ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಮೂರ್ಖರೆಂದು ಕರೆದು ಅದನ್ನು ಎರಡು ತಿಂಗಳಿಗೆ ಏರಿಸಿಕೊಂಡರು, ಆಟಕ್ಕೇ ವಿದಾಯ ಹೇಳಿದರು. ಕೆಲವೇ ವಾರಗಳಲ್ಲಿ ಮನಸ್ಸು ಬದಲಿಸಿ ಲೀಡ್ಸ್ ಯುನೈಟೆಡ್ ಸೇರಿ, 1992ರ ವಸಂತದಲ್ಲಿ ಆ ತಂಡ ಲೀಗ್ ಗೆಲ್ಲಲು ನೆರವಾದರು. ಆದರೆ ಮ್ಯಾನೇಜರ್ ಹೋವರ್ಡ್ ವಿಲ್ಕಿನ್‌ಸನ್ ಅವರೊಡನೆ ಹೊಂದಾಣಿಕೆಯಾಗಲಿಲ್ಲ. ಅದೇ ನವೆಂಬರಿನಲ್ಲಿ ಲೀಡ್ಸ್ ಆಡಳಿತ ಮ್ಯಾಂಚೆಸ್ಟರ್ ಯುನೈಟೆಡ್‌ನ ಡೆನಿಸ್ ಇರ್ವಿನ್ ಸಿಗುತ್ತಾರೆಯೇ ಎಂದು ಕೇಳಲು ಫೋನ್ ಮಾಡಿದರೆ, ಆ ಕಡೆಯಿಂದ ಕ್ಯಾಂಟೊನಾ ಸಿಗುತ್ತಾರೆಯೇ ಎಂಬ ಮರುಪ್ರಶ್ನೆ ಬಂತು. ಯುನೈಟೆಡ್‌ನ ಹೊಸ ಸ್ಟ್ರೈಕರ್ ಡಿಯಾನ್ ಡಬ್ಲಿನ್ ಕಾಲು ಮುರಿದುಕೊಂಡಿದ್ದರು, ಗೋಲು ಹೊಡೆಯುವವರು ಬೇಕಾಗಿದ್ದರು. ಬದ್ಧ ವೈರಿ ಕ್ಲಬ್ಬಿಗೆ 12 ಲಕ್ಷ ಪೌಂಡಿಗೆ ಅವರ ವರ್ಗಾವಣೆಯಾಯಿತು. ಆ ಋತುವಿನಲ್ಲಿ ಯುನೈಟೆಡ್ 26 ವರ್ಷಗಳ ನಂತರ ಲೀಗ್ ಗೆದ್ದಿತು. ಹಾಲಿ ಚಾಂಪಿಯನ್ ಲೀಡ್ಸ್ ತವರಿನಾಚೆ ಒಂದೂ ಲೀಗ್ ಪಂದ್ಯ ಗೆಲ್ಲದೆ 17ನೆಯ ಸ್ಥಾನಕ್ಕೆ ಕುಸಿಯಿತು. ಶಿಸ್ತಿಗೆ ಬಗ್ಗದ ಆಟಗಾರನನ್ನು ಕೊಟ್ಟು ಕೈತೊಳೆದುಕೊಳ್ಳುವುದು ಜಾಣತನವಲ್ಲ ಎಂದು ವಾದಿಸುವವರು ಇಂದಿಗೂ ಮೊದಲು ಎತ್ತುವ ಉದಾಹರಣೆ ಇದು.

ನಂತರ 1995ರ ಜನವರಿ 25 ಬಂತು. ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಕೆಂಪು ಕಾರ್ಡ್ ಪಡೆದು ಹೊರನಡೆಯುತ್ತಿದ್ದ ಕ್ಯಾಂಟೊನಾ, ತಮ್ಮನ್ನು ಬೈದ ಪ್ರೇಕ್ಷಕನೊಬ್ಬನ ಎದೆಗೆ ಹಾರಿ ಒದ್ದರು. ಕ್ಲಬ್ಬು ಅವರನ್ನು ಋತುವಿನ ಕೊನೆಯವರೆಗೆ ಅಮಾನತು ಮಾಡಿತು, ಫುಟ್‌ಬಾಲ್ ಸಂಸ್ಥೆ ನಿಷೇಧವನ್ನು ಸೆಪ್ಟೆಂಬರ್ 30ರವರೆಗೆ ವಿಸ್ತರಿಸಿತು, ನ್ಯಾಯಾಲಯ ಮೊದಲು ಎರಡು ವಾರಗಳ ಸೆರೆವಾಸ ವಿಧಿಸಿ, ಮೇಲ್ಮನವಿಯಲ್ಲಿ ಅದನ್ನು 120 ಗಂಟೆಗಳ ಸಮುದಾಯ ಸೇವೆಗೆ ಇಳಿಸಿತು. ಇಂಥವನನ್ನು ಉಳಿಸಿಕೊಳ್ಳಬಾರದೆಂಬ ಕೂಗು ದೊಡ್ಡದಾಗಿತ್ತು. ಆದರೆ ಅವರಿಲ್ಲದೆ ಯುನೈಟೆಡ್ ಒಂದೇ ಅಂಕದಿಂದ ಬ್ಲ್ಯಾಕ್‌ಬರ್ನ್‌ಗೆ ಲೀಗ್ ಬಿಟ್ಟುಕೊಟ್ಟಿತು. ಆ ಬೇಸಿಗೆಯಲ್ಲಿ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂಡ್ರೇ ಕಾಂಚೆಲ್‌ಸ್ಕಿಸ್ ಮೂವರೂ ಕ್ಲಬ್ಬು ಬಿಟ್ಟರು. ಇಂಗ್ಲೆಂಡ್ ತೊರೆಯಲು ಹೊರಟ ಕ್ಯಾಂಟೊನಾ ಅವರ ಮನವೊಲಿಸಲು ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಖುದ್ದಾಗಿ ಪ್ಯಾರಿಸ್‌ಗೆ ಹೋದದ್ದರಲ್ಲಿ ಮಮತೆ ಎಷ್ಟಿತ್ತೋ, ಬರಿದಾದ ತಂಡದ ಚಿಂತೆಯೂ ಅಷ್ಟೇ ಇತ್ತೆಂದು ನನಗನ್ನಿಸುತ್ತದೆ. ಅಕ್ಟೋಬರ್ 1ರಂದು ಲಿವರ್‌ಪೂಲ್ ವಿರುದ್ಧ ಮರಳಿದ ಅವರು ಪೆನಾಲ್ಟಿ ಗೋಲು ಹೊಡೆದರು. ಮುಂದಿನ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ಪಂದ್ಯದ ಏಕೈಕ ಗೋಲು ಅವರದಾಯಿತು. ಮೇ ತಿಂಗಳಲ್ಲಿ ಎಫ್‌ಎ ಕಪ್ ಫೈನಲ್ಲಿನ ಏಕೈಕ ಗೋಲೂ ಅವರದೇ, ಅದೂ ಲಿವರ್‌ಪೂಲ್ ವಿರುದ್ಧ. ಆಮೇಲೆ ಆ ಒದೆತ ಯುನೈಟೆಡ್ ಅಭಿಮಾನಿಗಳ ಪಾಲಿಗೆ ಹೆಮ್ಮೆಯ ಕಥೆಯಾಗಿ ಉಳಿಯಿತು.

1995ರ ಡಿಸೆಂಬರ್ 15ರಂದು ಐರೋಪ್ಯ ನ್ಯಾಯಾಲಯ ಬೆಲ್ಜಿಯಂ ಆಟಗಾರ ಜಾನ್-ಮಾರ್ಕ್ ಬೋಸ್‌ಮನ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಉಳಿದ ಬೇಲಿಯನ್ನೂ ಕಿತ್ತಿತು. ಒಪ್ಪಂದ ಮುಗಿದ ಆಟಗಾರ ಐರೋಪ್ಯ ಒಕ್ಕೂಟದ ಬೇರೊಂದು ದೇಶದ ಕ್ಲಬ್ಬಿಗೆ ಹಣದ ಹಂಗಿಲ್ಲದೆ ಹೋಗಬಹುದಾಯಿತು. ಒಕ್ಕೂಟದ ಆಟಗಾರರ ಮೇಲಿದ್ದ ವಿದೇಶಿ ಮಿತಿ ಬಿದ್ದುಹೋಯಿತು. ಒಂದೇ ದೇಶದೊಳಗಿನ ಕ್ಲಬ್ಬುಗಳಿಗೂ ಇದೇ ಪದ್ಧತಿ ಹರಡಿತು. ಟೋಟನ್‌ಹ್ಯಾಮ್‌ನ ನಾಯಕ ಸೋಲ್ ಕ್ಯಾಂಪ್‌ಬೆಲ್ 2001ರಲ್ಲಿ ತಮ್ಮ ಕ್ಲಬ್ಬಿಗೆ ನಯಾಪೈಸೆ ತಾರದೆ ಬದ್ಧ ಎದುರಾಳಿ ಆರ್ಸೆನಲ್‌ಗೆ ನಡೆದದ್ದು ಹೀಗೆಯೇ. ಲೂಯಿಸ್ ಫಿಗೊ 2000ದಲ್ಲಿ ಬಾರ್ಸಿಲೋನಾದಿಂದ ಅದರ ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್‌ಗೆ ಹೋದದ್ದು ದಾಖಲೆಯ ಮೊತ್ತಕ್ಕೆ. ಅವರನ್ನು ತರುತ್ತೇನೆಂಬುದು ಫ್ಲೋರೆಂಟಿನೊ ಪೆರೆಸ್ ರಿಯಲ್ ಕ್ಲಬ್ಬಿನ ಅಧ್ಯಕ್ಷ ಚುನಾವಣೆಯಲ್ಲಿ ಕೊಟ್ಟ ಭರವಸೆಯಾಗಿತ್ತು. ಎರಡು ವರ್ಷಗಳ ನಂತರ ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಫಿಗೊ ಕಾರ್ನರ್ ಒದೆಯಲು ಬಂದಾಗ ಮೈದಾನಕ್ಕೆ ಹಂದಿಯ ತಲೆಯೊಂದು ಬಂದು ಬಿತ್ತು.

ದಾಟುವುದು ಮಾಮೂಲಿಯಾದಂತೆ ನಡತೆಯ ಚರ್ಚೆಯೂ ಬೇರೆ ರೂಪ ತಾಳಿತು. ನಮ್ಮವನಾಗಿದ್ದರೆ ಸಮರ್ಥನೆ, ಅವರವನಾಗಿದ್ದರೆ ಖಂಡನೆ. ಈ ವಿಷಯದಲ್ಲಿ ಲಿವರ್‌ಪೂಲ್ ಅತಿ ಕೆಟ್ಟದಾಗಿ ಎಡವಿದ್ದು 2011ರಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾಟ್ರಿಸ್ ಎವ್ರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ್ದಕ್ಕಾಗಿ ಲೂಯಿಸ್ ಸುವಾರೆಸ್ ಅವರಿಗೆ ಎಂಟು ಪಂದ್ಯಗಳ ನಿಷೇಧ ಬಿದ್ದಾಗ, ಸಹ ಆಟಗಾರರು ಸುವಾರೆಸ್ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಅಭ್ಯಾಸಕ್ಕಿಳಿದರು. ದೂರುದಾರ ಬದ್ಧ ವೈರಿ ಕ್ಲಬ್ಬಿನವರಾಗಿರದಿದ್ದರೆ ಆ ಅಂಗಿಗಳು ಅಚ್ಚಾಗುತ್ತಿದ್ದವೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಆ ದಿನ ಅಂಗಿ ತೊಟ್ಟವರಲ್ಲಿ ಒಬ್ಬರಾದ ಜೇಮಿ ಕ್ಯಾರಗರ್ ದೂರದರ್ಶನ ಕಾರ್ಯಕ್ರಮದಲ್ಲಿ ಎವ್ರಾ ಅವರ ಕ್ಷಮೆ ಕೇಳಿದ್ದು 2019ರಲ್ಲಿ, ಸುವಾರೆಸ್ ಕ್ಲಬ್ಬು ಬಿಟ್ಟು ಐದು ವರ್ಷಗಳಾದ ಮೇಲೆ. ಈ ನಡುವೆ 2013ರಲ್ಲಿ ಚೆಲ್ಸಿಯ ಇವಾನೊವಿಚ್ ಅವರನ್ನು ಕಚ್ಚಿ ಹತ್ತು ಪಂದ್ಯ ಹೊರಗಿದ್ದ ಸುವಾರೆಸ್, ಮರಳಿ ಬಂದು ಒಂದೇ ಋತುವಿನಲ್ಲಿ 31 ಲೀಗ್ ಗೋಲು ಹೊಡೆದರು. 2014ರ ವಿಶ್ವಕಪ್‌ನಲ್ಲಿ ಇಟಲಿಯ ಕಿಯೆಲಿನಿ ಅವರನ್ನು ಕಚ್ಚಿ ನಾಲ್ಕು ತಿಂಗಳ ನಿಷೇಧದಲ್ಲಿದ್ದಾಗಲೇ ಬಾರ್ಸಿಲೋನಾ ಅವರನ್ನು ಕೊಂಡುಕೊಂಡಿತು. ಕಚ್ಚುವ ಚಾಳಿ ಆ ಕ್ಲಬ್ಬಿಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ಕಾರ್ಲೊಸ್ ತೆವೆಜ್ ಪ್ರಸಂಗ ಇನ್ನೂ ಸ್ವಾರಸ್ಯಕರ. ಅವರು 2009ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ನೆರೆಯ ಬದ್ಧ ಎದುರಾಳಿ ಮ್ಯಾಂಚೆಸ್ಟರ್ ಸಿಟಿಗೆ ದಾಟಿದಾಗ ನಗರದಲ್ಲಿ ‘ಮ್ಯಾಂಚೆಸ್ಟರ್‌ಗೆ ಸ್ವಾಗತ’ ಎಂಬ ನೀಲಿ ಫಲಕ ಎದ್ದು ನಿಂತಿತು. ಯುನೈಟೆಡ್ ಅಭಿಮಾನಿಗಳನ್ನು ಕೆಣಕುವುದಷ್ಟೇ ಅದರ ಉದ್ದೇಶ. 2011ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಬಯರ್ನ್ ವಿರುದ್ಧ ತಂಡ ಸೋಲುತ್ತಿದ್ದಾಗ ಬದಲಿ ಆಟಗಾರನಾಗಿ ಇಳಿಯಲು ತೆವೆಜ್ ಒಪ್ಪಲಿಲ್ಲವೆಂದು ಮ್ಯಾನೇಜರ್ ರೊಬರ್ಟೊ ಮ್ಯಾನ್ಸಿನಿ ಬಹಿರಂಗವಾಗಿ ದೂರಿ, ತಮ್ಮ ಮಟ್ಟಿಗೆ ಅವರ ಕಥೆ ಮುಗಿಯಿತೆಂದರು. ತೆವೆಜ್ ಆ ಆರೋಪವನ್ನು ಅಲ್ಲಗಳೆದರು, ಮುಂದೆ ಅನುಮತಿಯಿಲ್ಲದೆ ಅರ್ಜೆಂಟೀನಾಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರು. ಲೀಗ್ ಪೈಪೋಟಿ ಬಿಗಿಯಾಗತೊಡಗಿದ ಫೆಬ್ರುವರಿಯಲ್ಲಿ ಅವರು ಮರಳಿ ಕ್ಷಮೆ ಕೋರಿದರು, ಮ್ಯಾನ್ಸಿನಿ ಒಪ್ಪಿಕೊಂಡರು. ಮಾರ್ಚ್‌ನಲ್ಲಿ ಚೆಲ್ಸಿ ವಿರುದ್ಧ ಬದಲಿಯಾಗಿ ಇಳಿದ ತೆವೆಜ್ ಗೆಲುವಿನ ಗೋಲಿಗೆ ಚೆಂಡು ಒದಗಿಸಿದಾಗ ಕ್ರೀಡಾಂಗಣದ ಕೋಪ ಬಹುಮಟ್ಟಿಗೆ ಇಳಿದಿತ್ತು. ಏಪ್ರಿಲ್ 8ರಂದು ಆರ್ಸೆನಲ್‌ಗೆ ಸೋತ ಸಿಟಿ, ಆರು ಪಂದ್ಯ ಉಳಿದಿರುವಾಗ ಯುನೈಟೆಡ್‌ಗಿಂತ ಎಂಟು ಅಂಕ ಹಿಂದಿತ್ತು. ಮುಂದಿನ ವಾರ ತೆವೆಜ್ ನಾರ್ವಿಚ್ ವಿರುದ್ಧ ಹ್ಯಾಟ್ರಿಕ್ ಹೊಡೆದರು, ಆರೂ ಪಂದ್ಯ ಗೆದ್ದ ಸಿಟಿ ಗೋಲು ವ್ಯತ್ಯಾಸದ ಮೇಲೆ ಲೀಗ್ ಪಡೆಯಿತು. ವಿಜಯದ ಮೆರವಣಿಗೆಯಲ್ಲಿ ಅವರು ಫರ್ಗುಸನ್ ಅವರನ್ನು ಅಣಕಿಸುವ ಫಲಕ ಹಿಡಿದು ಕ್ಲಬ್ಬು ಕ್ಷಮೆ ಕೇಳುವಂತೆ ಮಾಡಿದರು. ಬಸ್ಸಿನ ಸುತ್ತ ನೆರೆದವರಲ್ಲಿ ಮ್ಯೂನಿಕ್‌ನ ರಾತ್ರಿಯನ್ನು ಎತ್ತಿ ಆಡುವವರು ಆ ದಿನ ಸಿಗುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಕೊರತೆ ನೀಗಿದಾಗ ಏನಾಗುತ್ತದೆಂಬುದಕ್ಕೆ ಕ್ರಿಸ್ಟಿಯಾನೊ ರೊನಾಲ್ಡೊ ಇದ್ದಾರೆ. 2021ರಲ್ಲಿ ಅವರು ಸಿಟಿಗೆ ಹೋಗುತ್ತಾರೆಂಬ ಸುದ್ದಿ ಹಬ್ಬಿದ ಬೆನ್ನಲ್ಲೇ ಯುನೈಟೆಡ್ ಅವರನ್ನು ಮರಳಿ ಕರೆತಂದಿತು. ಇಲ್ಲಿ ವೈರವೇ ಕೊರತೆಯನ್ನು ಹುಟ್ಟಿಸಿತು ಎನ್ನಬಹುದು. ಮೊದಲ ಋತುವಿನಲ್ಲಿ ಅವರು 18 ಲೀಗ್ ಗೋಲು ಹೊಡೆದರು, ದೂರು ದೊಡ್ಡದಾಗಲಿಲ್ಲ. ಮರುವರ್ಷ ಹೊಸ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರ ಓಡಾಟದ ಆಟದಲ್ಲಿ 37ರ ರೊನಾಲ್ಡೊಗೆ ಜಾಗ ಕಡಿಮೆಯಾಯಿತು. ಅಕ್ಟೋಬರಿನಲ್ಲಿ ಟೋಟನ್‌ಹ್ಯಾಮ್ ವಿರುದ್ಧ ಬದಲಿಯಾಗಿ ಇಳಿಯಲು ನಿರಾಕರಿಸಿ ಪಂದ್ಯ ಮುಗಿಯುವ ಮೊದಲೇ ಹೊರನಡೆದರು, ನವೆಂಬರಿನಲ್ಲಿ ಸಂದರ್ಶನವೊಂದರಲ್ಲಿ ಕ್ಲಬ್ಬನ್ನು ಹೀಗಳೆದರು, 22ರಂದು ಒಪ್ಪಂದ ಕೊನೆಗೊಂಡಿತು. ತೆವೆಜ್ ಮೇಲೆ ಹೊರಿಸಿದ್ದ ತಪ್ಪಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಆ ಋತುವಿನಲ್ಲಿ ರೊನಾಲ್ಡೊ ಹೊಡೆದಿದ್ದ ಲೀಗ್ ಗೋಲು ಒಂದೇ ಒಂದು.

ಇತ್ತೀಚೆಗೆ ಕೊರತೆಯ ಅರ್ಥವೇ ಹಿಗ್ಗಿದೆ. ಇಂಗ್ಲೆಂಡಿನ ಅತ್ಯುನ್ನತ ವಿಭಾಗವಾದ ಪ್ರೀಮಿಯರ್ ಲೀಗ್ 2010ರಿಂದ ಹಿರಿಯ ಆಟಗಾರರ ಪಟ್ಟಿಯನ್ನು 25ಕ್ಕೆ ಮಿತಿಗೊಳಿಸಿ, ಅದರಲ್ಲಿ ದೇಶದಲ್ಲೇ ತರಬೇತಾಗದವರು 17ಕ್ಕಿಂತ ಹೆಚ್ಚಿರಬಾರದೆಂದಿತು. ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸಬಾರದೆಂಬ ನಿಯಮ ಮುರಿದ ಎವರ್ಟನ್ 2023ರಲ್ಲಿ ಹತ್ತು ಅಂಕ ಕಳೆದುಕೊಂಡು, ಮೇಲ್ಮನವಿಯಲ್ಲಿ ನಾಲ್ಕನ್ನು ಮರಳಿ ಪಡೆಯಿತು. ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತಾರೆ, ಕ್ಲಬ್ಬಿನಲ್ಲೇ ಬೆಳೆದ ಹುಡುಗನನ್ನು ಮಾರಿದರೆ ಬಂದದ್ದೆಲ್ಲ ಲಾಭದ ಕಲಮಿಗೆ ಹೋಗುತ್ತದೆ. ಹಾಗಾಗಿ ಬಾಲ್ಯದಿಂದ ಚೆಲ್ಸಿಯಲ್ಲೇ ಬೆಳೆದು, ಒಂದು ಋತುವಿನ ಹಲವು ಪಂದ್ಯಗಳಲ್ಲಿ ತಂಡವನ್ನು ಮುನ್ನಡೆಸಿದ ಕಾನರ್ ಗ್ಯಾಲಗರ್ ಅವರನ್ನು 2024ರ ಆಗಸ್ಟ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಮಾರಿದಾಗ, ಚೆಲ್ಸಿ ಅಭಿಮಾನಿಗಳ ವಾದ ಮಿಡ್‌ಫೀಲ್ಡಿನಲ್ಲಿ ಇನ್ನು ಯಾರು ಆಡಬೇಕೆಂಬುದರಷ್ಟೇ ಕ್ಲಬ್ಬಿನ ಲೆಕ್ಕಪತ್ರದ ಸುತ್ತಲೂ ನಡೆಯಿತು.