ಶಾಲೆಯ ಗೇಟಿನವರೆಗೆ ಮಾತ್ರ: ಜಪಾನಿ ಅನಿಮೆಯಲ್ಲಿ ಹುಡುಗಿಯರ ಪ್ರೇಮಕತೆ ನಡೆದು ಬಂದ ದಾರಿ

2023ರ ಜುಲೈನಲ್ಲಿ ಜಪಾನಿನ ಮಾಸಪತ್ರಿಕೆಯೊಂದು ‘ಗುಂಡಮ್: ದ ವಿಚ್ ಫ್ರಮ್ ಮರ್ಕ್ಯುರಿ’ ಎಂಬ ಅನಿಮೆ (ಜಪಾನಿ ಅನಿಮೇಷನ್) ಸರಣಿಗೆ ದನಿ ಕೊಟ್ಟ ಕಲಾವಿದೆಯ ಸಂದರ್ಶನ ಪ್ರಕಟಿಸಿತು. ನಾಯಕಿಯರಾದ ಸುಲೆಟ್ಟಾ ಮತ್ತು ಮಿಯೊರಿನೆ ಮದುವೆಯಾಗಿದ್ದಾರೆ ಎನ್ನುವ ಅರ್ಥದ ಮಾತು ಅಚ್ಚಿನ ಪ್ರತಿಯಲ್ಲಿತ್ತು. ಡಿಜಿಟಲ್ ಪ್ರತಿಯಲ್ಲಿ ‘ಮದುವೆ’ ಎಂಬ ಪದವೇ ಮಾಯ. ಓದುಗರು ಕೇಳಿದಾಗ, ಕತೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬುದು ನೋಡುಗರಿಗೆ ಬಿಟ್ಟದ್ದು ಎಂಬ ಉತ್ತರ ಸರಣಿಯವರಿಂದ ಬಂತು. ಕೊನೆಯ ಕಂತಿನಲ್ಲಂತೂ ಇಬ್ಬರ ಬೆರಳಲ್ಲೂ ಉಂಗುರವಿತ್ತು.

‘ಯೂರಿ’ ಎಂದು ಕರೆಸಿಕೊಳ್ಳುವ, ಹುಡುಗಿಯರ ನಡುವಿನ ಪ್ರೇಮಕತೆಗಳ ಈ ಪ್ರಕಾರದಲ್ಲಿ ಇಂಥ ತಕರಾರು ಮತ್ತೆ ಮತ್ತೆ ಏಳುತ್ತದೆ. ಶಾಲೆಯೊಳಗೆ ಇಬ್ಬರು ಹುಡುಗಿಯರ ಒಲವನ್ನು ಎಷ್ಟು ಬೇಕಾದರೂ ತೋರಿಸಬಹುದು. ಶಾಲೆ ಮುಗಿದ ಮೇಲೆ ಏನಾಯಿತು ಎಂದು ಕೇಳಿದರೆ ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಈ ಅಭ್ಯಾಸ ಅನಿಮೆಗಿಂತ ಹಳೆಯದು.

1899ರಲ್ಲಿ ಜಪಾನ್ ಸರ್ಕಾರ ಪ್ರತಿ ಪ್ರಾಂತದಲ್ಲೂ ಕನಿಷ್ಠ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆ ಇರಬೇಕೆಂದು ಆದೇಶಿಸಿತು. ಹುಡುಗರಿಲ್ಲದ ತರಗತಿ, ಹಾಸ್ಟೆಲು, ಹುಡುಗಿಯರಿಗೆಂದೇ ಹೊರಟ ಮಾಸಪತ್ರಿಕೆಗಳು. ಇವುಗಳ ನಡುವೆ ‘ಎಸ್’ (‘ಸಿಸ್ಟರ್’ ಪದದ ಮೊದಲಕ್ಷರ) ಎಂಬ ಗುಟ್ಟಿನ ಅಕ್ಷರ ಹುಟ್ಟಿತು: ಮೇಲಿನ ತರಗತಿಯ ಒಬ್ಬಳು ಅಕ್ಕ, ಕೆಳಗಿನ ತರಗತಿಯ ಒಬ್ಬಳು ತಂಗಿ, ನಡುವೆ ಪತ್ರಗಳು, ಕಾಣಿಕೆಗಳು, ಮುನಿಸು. 1916ರಿಂದ ಲೇಖಕಿ ಯೊಶಿಯಾ ನೊಬುಕೊ ಒಂದೊಂದು ಕತೆಗೂ ಒಂದೊಂದು ಹೂವಿನ ಹೆಸರಿಟ್ಟು ಬರೆದ ಕತೆಗಳು ಈ ಲೋಕಕ್ಕೆ ಒಂದು ಭಾಷೆ ಕೊಟ್ಟವು. ದೊಡ್ಡವರು ಇದನ್ನು ಹೆಚ್ಚಾಗಿ ಕಂಡೂ ಕಾಣದಂತೆ ಬಿಟ್ಟಿದ್ದು ಒಂದು ಷರತ್ತಿನ ಮೇಲೆ. ಶಾಲೆ ಬಿಟ್ಟ ಹುಡುಗಿ ಹಿರಿಯರು ಗೊತ್ತುಮಾಡಿದ ಗಂಡನನ್ನು ಕಟ್ಟಿಕೊಳ್ಳಬೇಕು, ಅಷ್ಟೆ. ಯೊಶಿಯಾ ಮಾತ್ರ ಆ ಷರತ್ತಿಗೆ ಒಪ್ಪಲಿಲ್ಲ. ಮೊನ್ಮಾ ಚಿಯೊ ಅವರೊಡನೆ ಸುಮಾರು ಐವತ್ತು ವರ್ಷ ಬಾಳಿದರು. ಕಾನೂನಿನಲ್ಲಿ ಬೇರೆ ದಾರಿಯಿಲ್ಲದೆ 1957ರಲ್ಲಿ ಸಂಗಾತಿಯನ್ನೇ ದತ್ತು ಮಗಳಾಗಿ ನೋಂದಾಯಿಸಿದರು.

ಯುದ್ಧ ಬಂತು, 1947ರ ನಂತರ ಹುಡುಗ-ಹುಡುಗಿಯರು ಒಂದೇ ತರಗತಿಯಲ್ಲಿ ಕೂತರು, ‘ಎಸ್’ ಕತೆಗಳು ಹಳತಾದವು. 1971ರಲ್ಲಿ ಯಮಾಗಿಶಿ ರಿಯೊಕೊ ಅವರ ಮಾಂಗಾದಲ್ಲಿ, ಅಂದರೆ ಜಪಾನಿ ಚಿತ್ರಕತೆಯಲ್ಲಿ, ಈ ವಸ್ತು ಮರಳಿತು, ಅದೂ ಒಬ್ಬಳ ಸಾವಿನೊಂದಿಗೆ. ‘ಯೂರಿ’ ಎಂಬ ಹೆಸರು ಬಂದದ್ದು 1976ರಲ್ಲಿ, ಪುರುಷ ಸಲಿಂಗಿಗಳ ಪತ್ರಿಕೆಯೊಂದರ ಸಂಪಾದಕ ಇತೊ ಬುಂಗಾಕು ಮಹಿಳೆಯರ ಪತ್ರಗಳಿಗಾಗಿ ತೆರೆದ ಅಂಕಣದಿಂದ.

ಕಿರುತೆರೆಯಲ್ಲಿ ಮೊದಲು ಗಟ್ಟಿಯಾಗಿ ನಿಂತದ್ದು 1991ರ ‘ಓನಿಸಾಮಾ ಎ’. ಇಕೇದಾ ರಿಯೊಕೊ ಅವರ ಮಾಂಗಾ, ದೆಜಾಕಿ ಒಸಾಮು ಅವರ ನಿರ್ದೇಶನ, 39 ಕಂತು. ಭಾವ ಉಕ್ಕಿದ ಕ್ಷಣದಲ್ಲಿ ಚಲನೆ ನಿಂತು, ದೃಶ್ಯ ಕೈಯಲ್ಲಿ ಬಿಡಿಸಿದ ವರ್ಣಚಿತ್ರವಾಗಿಬಿಡುವ ದೆಜಾಕಿಯವರ ತಂತ್ರ ಇಲ್ಲಿ ಹೇರಳವಾಗಿದೆ. 1994ರಲ್ಲಿ ‘ಸೇಲರ್ ಮೂನ್’ನ ಮೂರನೇ ಸರಣಿಗೆ ಹರುಕಾ, ಮಿಚಿರು ಜೋಡಿ ಬಂತು. ಮಕ್ಕಳ ಸರಣಿಯಲ್ಲೇ ಪ್ರೇಮಿಗಳೆಂದು ಕಾಣಿಸಿಕೊಂಡ ಇವರು ಉತ್ತರ ಅಮೆರಿಕದ ಡಬ್ಬಿಂಗ್‌ನಲ್ಲಿ ದಾಯಾದಿ ಅಕ್ಕತಂಗಿಯರಾದರು! 1997ರಲ್ಲಿ ಇಕುಹಾರಾ ಕುನಿಹಿಕೊ ಅವರ ‘ಉತೆನಾ’ ಈ ಶಾಲೆಯೆಂಬ ಚೌಕಟ್ಟನ್ನೇ ಪ್ರಶ್ನೆ ಮಾಡಿತು. ಅದರ ಕೊನೆಯ ಕಂತಿನಲ್ಲಿ ಆನ್ಥಿ ಎಂಬ ಹುಡುಗಿ ಪೆಟ್ಟಿಗೆ ಹಿಡಿದು ಶಾಲೆ ಬಿಟ್ಟು ಹೊರಡುತ್ತಾಳೆ, ನಾಯಕಿ ಉತೆನಾಳನ್ನು ಹುಡುಕಲು. ಆಮೇಲೆ ಬಂದ ಎಷ್ಟೋ ಸರಣಿಗಳಿಗೆ ಈ ಧೈರ್ಯ ಬರಲಿಲ್ಲ.

ಈಗ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಇಂದಿನ ಯೂರಿ ಅನಿಮೆಯ ನಡೆನುಡಿ, ವ್ಯಾಪಾರ ಎರಡೂ ರೂಪುಗೊಂಡದ್ದು 2004ರ ಆಸುಪಾಸಿನಲ್ಲಿ. ಕೊನ್ನೊ ಒಯುಕಿ 1998ರಿಂದ ಬರೆಯುತ್ತಿದ್ದ ‘ಮಾರಿಯಾ-ಸಾಮಾ ಗಾ ಮಿತೆರು’ ಕಾದಂಬರಿಗಳು ಆ ವರ್ಷದ ಜನವರಿಯಲ್ಲಿ ಸ್ಟುಡಿಯೊ ಡೀನ್‌ನಿಂದ 13 ಕಂತುಗಳಾಗಿ ಬಂದವು. ಲಿಲಿಯನ್ ಎಂಬ ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಯಲ್ಲಿ ‘ಸೂರ್’ (ಫ್ರೆಂಚಿನಲ್ಲಿ ಅಕ್ಕ ಅಥವಾ ತಂಗಿ) ಪದ್ಧತಿ: ಹಿರಿಯಳು ತನ್ನ ಜಪಸರವನ್ನು ಕಿರಿಯಳಿಗೆ ಕೊಟ್ಟರೆ, ಕಿರಿಯಳು ಒಪ್ಪಿ ತೆಗೆದುಕೊಂಡರೆ, ಇಬ್ಬರೂ ಅಕ್ಕತಂಗಿಯರು. ಮೂರನೇ ವರ್ಷದವಳಿಗೆ ಎರಡನೇ ವರ್ಷದ ತಂಗಿ, ಅವಳಿಗೆ ಮೊದಲ ವರ್ಷದ ತಂಗಿ. ಮೂರು ಗುಲಾಬಿಗಳ ಹೆಸರಿನ ಮೂರು ಮನೆತನ, ಅವೇ ವಿದ್ಯಾರ್ಥಿ ಸಂಘ. ಜಪಾನಿನ ಶಾಲಾವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದಲ್ಲ, ಪ್ರತಿ ಮಾರ್ಚ್‌ನಲ್ಲೂ ಸರಪಳಿಯ ಮೇಲಿನ ಕೊಂಡಿ ಕಳಚುತ್ತದೆ. ಬೀಳ್ಕೊಡುಗೆ ಕತೆಯ ರಚನೆಯಲ್ಲೇ ಇದೆ.

ಮೊದಲ ಕಂತಿನಲ್ಲಿ ಹಿರಿಯಳಾದ ಸಾಚಿಕೊ ಕಿರಿಯಳಾದ ಯುಮಿಯ ಕೊರಳಪಟ್ಟಿ ಸರಿಪಡಿಸುತ್ತಾಳೆ; ಅಷ್ಟಕ್ಕೇ ಇಡೀ ಕತೆ ಹೊರಳುತ್ತದೆ. ಸಾಚಿಕೊ ಜಪಸರ ಚಾಚಿದಾಗ ಯುಮಿ ನಿರಾಕರಿಸುತ್ತಾಳೆ, ಏಕೆಂದರೆ ತನಗೆ ಬೇಡವಾದ ನಾಟಕದ ಪಾತ್ರದಿಂದ ಪಾರಾಗಲು ಸಾಚಿಕೊಗೆ ಒಬ್ಬ ತಂಗಿ ಬೇಕಿದ್ದಳು. ಇಷ್ಟು ಸೂಕ್ಷ್ಮವಾದ ಮಾನಾಪಮಾನದ ಲೆಕ್ಕ ಈ ಸರಣಿಯ ನಿಜವಾದ ಬಲ. ಆದರೆ ಗಮನಿಸಿ: ಸರಣಿಯಲ್ಲಿ ಮುಚ್ಚುಮರೆಯಿಲ್ಲದ ಪ್ರೇಮ ಎಂದರೆ ಸೇ ಮತ್ತು ಶಿಯೊರಿ ಎಂಬ ವಿದ್ಯಾರ್ಥಿನಿಯರದು. ಅದು ಹಿಂದೆ ನಡೆದುಹೋದ ಕತೆ, ಒಬ್ಬಳು ನನ್ ಆಗಲು ಹೊರಟು ಮುಗಿದುಹೋದ ಕತೆ. ಉಳಿದವರ ಒಲವಿಗೆ ಅಕ್ಕತಂಗಿತನದ ರಕ್ಷೆಯಿದೆ. 1916ರ ಷರತ್ತು ಇಲ್ಲೂ ಇದೆ, ಇನ್ನಷ್ಟು ಚೆಂದದ ಸಮವಸ್ತ್ರ ತೊಟ್ಟು.

ಅದೇ ಹೊತ್ತಿಗೆ ಮಾರುಕಟ್ಟೆಯೂ ಬದಲಾಗಿತ್ತು. 2003ರಲ್ಲಿ ‘ಯೂರಿ ಶಿಮಾಯಿ’, 2005ರಲ್ಲಿ ‘ಯೂರಿ ಹಿಮೆ’ ಪತ್ರಿಕೆಗಳು ಹೊರಟವು. ಹುಡುಗಿಯರಿಗೆಂದು ಬರೆದ ಕಾದಂಬರಿಗೆ ಗಂಡು ಅಭಿಮಾನಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದರು. ಅನಿಮೆ ತಡರಾತ್ರಿಗೆ ಸರಿಯಿತು, ಹಣ ಹಾಕುವವರು ನಿರ್ಮಾಣ ಸಮಿತಿಯವರಾದರು: ಪುಸ್ತಕ ಪ್ರಕಾಶಕರು, ಡಿವಿಡಿಯಂಥ ಡಿಸ್ಕ್ ಮಾರುವ ಕಂಪನಿ, ಸಂಗೀತ ಕಂಪನಿ, ಕೆಲವೊಮ್ಮೆ ಚಾನೆಲ್. ಪ್ರಸಾರದ ವೇಳೆಯನ್ನು ಸಮಿತಿಯೇ ದುಡ್ಡು ಕೊಟ್ಟು ಕೊಳ್ಳಬೇಕು. ಹಾಕಿದ ಹಣ ಆಗ ಹೆಚ್ಚಾಗಿ ಡಿಸ್ಕ್‌ನಿಂದ ಬರಬೇಕಿತ್ತು. ಒಂದು ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಎರಡೇ ಕಂತು ಇರುತ್ತಿದ್ದವು, ಬೆಲೆ ಆರೇಳು ಸಾವಿರ ಯೆನ್. 13 ಕಂತಿನ ಸರಣಿ ಪೂರ್ತಿ ಕೊಳ್ಳುವವರು ನಲವತ್ತು ಸಾವಿರ ಯೆನ್‌ಗೂ ಮೇಲೆ ತೆರಬೇಕಿತ್ತು. ಅಷ್ಟು ತೆರುತ್ತಿದ್ದವರು ಕೆಲವೇ ಸಾವಿರ ಜನ. ಅವರಿಗೆ ಏನು ಹಿಡಿಸುತ್ತಿತ್ತೋ ಅದು ಮುಂದಿನ ಸರಣಿಯಲ್ಲಿ ಇರುತ್ತಿತ್ತು.

ಪ್ರಕಾಶಕರ ಲೆಕ್ಕ ಬೇರೆ. ಅವರಿಗೆ ಅನಿಮೆ ಎಂದರೆ ಪುಸ್ತಕದ ಜಾಹೀರಾತು. ಮೂರು ತಿಂಗಳಿಗೆ 12 ಅಥವಾ 13 ಕಂತು, ಪ್ರತಿ ಕಂತು ಸುಮಾರು 24 ನಿಮಿಷ. ಆರಂಭ ಮತ್ತು ಅಂತ್ಯದ ಹಾಡುಗಳು ತಲಾ 90 ಸೆಕೆಂಡು ತಿಂದರೆ ಕತೆಗೆ ಉಳಿಯುವುದು 21 ನಿಮಿಷ. ಎಂಟು ಸಂಪುಟದ ಮಾಂಗಾ ಇದರಲ್ಲಿ ಹಿಡಿಯುವುದಿಲ್ಲ. ಮೂರರಿಂದ ಐದು ಸಂಪುಟಕ್ಕೆ ಅನಿಮೆ ನಿಲ್ಲುತ್ತದೆ, ಮುಂದಿನದು ಪುಸ್ತಕದಂಗಡಿಯಲ್ಲಿ. ಸಾಹಸದ ಕತೆ ಹೀಗೆ ನಿಂತರೆ ಒಂದು ಯುದ್ಧ ಬಾಕಿ ಉಳಿಯುತ್ತದೆ. ಪ್ರೇಮದ ಕತೆ ನಿಂತರೆ ಇಬ್ಬರೂ ಒಪ್ಪಿಕೊಳ್ಳುವ ಮೊದಲೇ ನಿಂತಿರುತ್ತದೆ. ಹಿಂದೆ ಸಮಾಜ ಹಾಕಿದ್ದ ಗೆರೆಯನ್ನು ಈಗ ಕ್ಯಾಲೆಂಡರ್ ಹಾಕುತ್ತಿದೆ, ಮತ್ತು ಇದರಿಂದ ಯಾರಿಗೂ ವಿಶೇಷ ಮುಜುಗರವಾದಂತಿಲ್ಲ.

ಇದಕ್ಕೆ 2009ರ ‘ಅವೊಯಿ ಹನಾ’ಗಿಂತ ಸ್ಪಷ್ಟ ಉದಾಹರಣೆ ಸಿಗದು. ಶಿಮುರಾ ತಕಾಕೊ ಅವರ ಮಾಂಗಾ, ಕಮಾಕುರಾ ಊರಿನ ಹಿನ್ನೆಲೆ, 11 ಕಂತು. ನಾಯಕಿ ಫುಮಿ ಒಲಿದಿದ್ದ ಚಿಜು ಮದುವೆ ಮಾಡಿಕೊಂಡು ಹೋಗುತ್ತಾಳೆ ಎಂಬಲ್ಲಿಂದ ಕತೆ ಶುರು. ಅಂದರೆ ಹಳೆಯ ‘ಎಸ್’ ಕತೆಗಳ ಮುಕ್ತಾಯವೇ ಇಲ್ಲಿನ ಆರಂಭ. ಫುಮಿ ತನ್ನ ಸ್ವಭಾವವನ್ನು ಗೆಳತಿ ಆಕಿರಾಗೆ ಬಾಯಿಬಿಟ್ಟು ಹೇಳುತ್ತಾಳೆ. ಆದರೆ ಅವರಿಬ್ಬರ ಪ್ರೇಮ ಬೆಳೆಯುವುದು ಅನಿಮೆ ನಿಂತ ಜಾಗದಿಂದಾಚೆ, 2013ರವರೆಗೆ ನಡೆದ ಮಾಂಗಾದಲ್ಲಿ. ಎರಡನೇ ಸೀಸನ್ ಬರಲಿಲ್ಲ.

ಚಿತ್ರಿಸುವ ಕಷ್ಟವೂ ಒಂದಿದೆ. ಸದ್ದಿಲ್ಲದ ಕತೆ ಅಗ್ಗವಾಗಿ ಆಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮ್ ಇದ್ದರೂ ಒಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದು ಎಂಟೇ ಚಿತ್ರದಲ್ಲಿ ಸೆಕೆಂಡು ಸಾಗಿಸುವುದು ರೂಢಿ. ಮಾತಿಗೆ ತೆರೆದ, ಅರೆತೆರೆದ, ಮುಚ್ಚಿದ ಮೂರು ಬಾಯಿ ಸಾಕು. ಹೊಡೆದಾಟದಲ್ಲಿ ಒಂದು ಮುಖ ಓರೆಯಾದರೆ ವೇಗ ಮುಚ್ಚಿಹಾಕುತ್ತದೆ. ನಾಲ್ಕು ಸೆಕೆಂಡು ಕದಲದೆ ನಿಂತ ಮುಖದಲ್ಲಿ ಕಣ್ಣು ಕೂದಲೆಳೆಯಷ್ಟು ಸರಿದರೂ ನಾಚಿಕೆಯ ಬದಲು ಬೇಸರ ಕಾಣುತ್ತದೆ. ಬಿಡಿಸಿದ ಚಿತ್ರಗಳನ್ನು ತಿದ್ದುವ ಅನಿಮೇಷನ್ ನಿರ್ದೇಶಕರಿಗೆ ಸಮಯ ಸಿಗದಿದ್ದರೆ ಮೊದಲು ಹಾಳಾಗುವುದು ಇಂಥ ದೃಶ್ಯಗಳೇ.

2018ರಲ್ಲಿ ಎರಡು ಕೃತಿಗಳು ಇದನ್ನು ಬಲ್ಲವರ ಕೈಗೆ ಸಿಕ್ಕವು. ಯಮಾದಾ ನಾವೊಕೊ ನಿರ್ದೇಶಿಸಿದ, ಕ್ಯೋಟೊ ಅನಿಮೇಷನ್‌ನ ‘ಲಿಜ್ ಆ್ಯಂಡ್ ದ ಬ್ಲೂ ಬರ್ಡ್’ ಒಬೊ ಎಂಬ ಊದುವಾದ್ಯ ನುಡಿಸುವ ಮಿಜೊರೆ, ಕೊಳಲು ನುಡಿಸುವ ನೊಜೊಮಿಯರ 90 ನಿಮಿಷದ ಸಿನಿಮಾ. ಮೊದಲ ದೃಶ್ಯದಲ್ಲಿ ಇಬ್ಬರೂ ಶಾಲೆಯೊಳಗೆ ನಡೆಯುತ್ತಾರೆ, ಹೆಜ್ಜೆಯ ಸದ್ದು ತಾಳ ತಪ್ಪಿರುತ್ತದೆ. ಸಂಗೀತ ಸಂಯೋಜಕ ಉಶಿಯೊ ಕೆನ್ಸುಕೆ ಆ ಹೆಜ್ಜೆಗಳನ್ನೇ ಸಂಗೀತದೊಳಗೆ ಹೆಣೆದರು. ಹೇಳದೆ ಬಿಟ್ಟದ್ದೆಲ್ಲ ಕಿವಿಗೆ ಕೇಳುತ್ತದೆ.

ಇನ್ನೊಂದು ‘ಯಗಾತೆ ಕಿಮಿ ನಿ ನಾರು’, ನಾಕಾತಾನಿ ನಿಯೊ ಅವರ ಮಾಂಗಾದಿಂದ ಟ್ರೊಯ್ಕಾ ಸ್ಟುಡಿಯೊ ಮಾಡಿದ 13 ಕಂತು. ಇದರ ಏಳನೇ ಕಂತನ್ನು ಬಿಡಿಯಾಗಿ ನೋಡಿದರೂ ಸಾಕು. ಸಾಯಾಕಾ ಎಂಬ ವಿದ್ಯಾರ್ಥಿನಿಯನ್ನು ಹಿಂದೆ ಒಲಿದಿದ್ದ ಹಿರಿಯಳು, ಅದೆಲ್ಲ ಎಳೆತನದ ಆಟ ಎಂಬಂತೆ ದೂರ ಸರಿದಿರುತ್ತಾಳೆ. ಅದೇ ಕಂತಿನಲ್ಲಿ ಕಾಫಿ ಅಂಗಡಿ ನಡೆಸುವ ಮಿಯಾಕೊ ಸಾಯಾಕಾಳ ಮಾತಿಗೆ ಕಿವಿಗೊಡುತ್ತಾಳೆ. ಈ ಮಿಯಾಕೊ, ಶಾಲೆಯ ಟೀಚರ್ ರಿಕೊ ಇಬ್ಬರೂ ಜೋಡಿ. ಗೇಟಿನಾಚೆಯೂ ಬದುಕಿದೆ ಎಂದು ತೋರಿಸಲು ಭಾಷಣ ಬೇಕಾಗಲಿಲ್ಲ, ಕೌಂಟರಿನ ಹಿಂದೆ ನಿಂತ ಒಬ್ಬ ಹೆಂಗಸು ಸಾಕಾಯಿತು.

ಈಚೆಗೆ ಡಿಸ್ಕ್ ಜಾಗಕ್ಕೆ ಸ್ಟ್ರೀಮಿಂಗ್ ಹಣ ಬಂದಿದೆ, ಸರಣಿಗಳ ಸಂಖ್ಯೆ ಹೆಚ್ಚಿದೆ, ಕೆಲಸಗಾರರ ಸಮಯ ಹೆಚ್ಚಿಲ್ಲ. 2024ರ ಏಪ್ರಿಲ್‌ನಲ್ಲಿ ಶುರುವಾದ ‘ಸಸಾಯಾಕು ಯೊ ನಿ ಕೊಯಿ ವೊ ಉತಾವು’ ಸರಣಿಯ ಕೊನೆಯ ಎರಡು ಕಂತು ಡಿಸೆಂಬರ್‌ಗೆ ಬಂದವು. 2025ರ ‘ವತಾನಾರೆ’ ಸರಣಿ 12 ಕಂತಿಗೆ ಕಿರುತೆರೆಯಲ್ಲಿ ನಿಂತು, ಮುಂದಿನ ಐದು ಕಂತನ್ನು ನವೆಂಬರ್‌ನಲ್ಲಿ ಚಿತ್ರಮಂದಿರಕ್ಕೆ ಒಯ್ದಿತು; ಕತೆಯನ್ನು ಒಂದು ಘಟ್ಟ ಮುಟ್ಟಿಸುವ ಹೊಸ ಉಪಾಯ, ಟಿಕೆಟ್ ದರ ಸಹಿತ.

‘ಯಗಾತೆ ಕಿಮಿ’ಗೆ ಅದೂ ಒದಗಲಿಲ್ಲ. ಅದರ ಅನಿಮೆ ಶಾಲೆಯ ನಾಟಕ ರಂಗಕ್ಕೇರುವ ಮೊದಲೇ ಮುಗಿಯುತ್ತದೆ. 13ನೇ ಕಂತು ನೋಡಿ ಮುಗಿಸಿದವರು ಮಾಂಗಾದ 5ನೇ ಸಂಪುಟವನ್ನು ಒಮ್ಮೆ ತಿರುವಿ, 6ರಿಂದ ಓದಲು ಶುರುಮಾಡಬಹುದು. ನಾಟಕ ಅಲ್ಲಿದೆ. ಶಾಲೆ ಮುಗಿದ ಮೇಲಿನ ದಿನಗಳಿಗೆ 8ನೆಯದರ ಕೊನೆಯವರೆಗೂ ಹೋಗಬೇಕು.