ಹೋಗಿರೋದು ಸೊಂಟ, ಬಾಯಲ್ಲ

ತುಮಕೂರಲ್ಲಿ ಫಿಸಿಯೋಥೆರಪಿ ಮಾಡೋ ನನ್ನಂಥೋರಿಗೆ ತೆಂಗಿನ ಮರದಿಂದ ಬಿದ್ದೋರು ಹೊಸಬರೇನಲ್ಲ. ಗುಬ್ಬಿ, ತಿಪಟೂರು ಕಡೆಯಿಂದ ಬರ್ತಾರೆ, ಬೆನ್ನುಹುರಿಗೆ ಏಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇರಲ್ಲ. ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದ್ರಲ್ಲಿ ಅಂಥವರೊಬ್ರು ವೀಲ್‌ಚೇರಲ್ಲಿ ಬಂದಿದ್ರು, ಹಿಂದೆ ಅವ್ರ ಮನೆಯವ್ರು ನಿಂತಿದ್ರು, ನಾನು ಫೈಲ್ ತಿರುವ್ತಾ ಆಯಮ್ಮನ್ನ "ಇವ್ರು ಊಟ ಸರಿಯಾಗಿ ಮಾಡ್ತಾರಾ, ನಿದ್ದೆ ಬರುತ್ತಾ" ಅಂತ ಕೇಳ್ದೆ. "ಸಾರ್, ಹೋಗಿರೋದು ಸೊಂಟ, ಬಾಯಲ್ಲ, ನನ್ನೇ ಕೇಳಿ" ಅಂದ್ರು ಅವ್ರು.

ಸ್ಟೂಲ್ ಎಳ್ಕೊಂಡು ಎದುರಿಗೆ ಕೂತೆ. ಹಿಂಗೆ ಕೂತ್ರೆ ಅವ್ರು ಕತ್ತೆತ್ತಿ ನೋಡ್ತಾ ಮಾತಾಡೋದು ತಪ್ಪುತ್ತೆ. ಆಯಮ್ಮ ಆಚೆ ಹೋದ್ಮೇಲೆ ಗೊತ್ತಾಗಿದ್ದು, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನೀರೇ ಕುಡೀತಿರಲಿಲ್ವಂತೆ, ಹೆಂಡ್ತಿ ತೋಟಕ್ಕೆ ಹೋದ್ರೆ ಯೂರಿನ್‌ಗೆ ಯಾರನ್ನ ಕರೀಲಿ ಅಂತ. ಪದೇ ಪದೇ ಜ್ವರ, ಯೂರಿನ್ ಇನ್ಫೆಕ್ಷನ್ನು ಬರ್ತಿದ್ದಿದ್ದಕ್ಕೆ ಇದೂ ಒಂದು ಕಾರಣ ಅಂತ ಆಗ ಹೊಳೀತು. ಕೂತಲ್ಲೇ ಕೂತು ಬೆಡ್‌ಸೋರ್, ಅಂದ್ರೆ ಒತ್ತಿ ಆಗೋ ಹುಣ್ಣು, ಆಗ್ದಂಗೆ ಅರ್ಧ ಗಂಟೆಗೊಂದ್ಸಲನಾದ್ರೂ ಕೈಯೂರಿ ಸೊಂಟ ಎತ್ತಬೇಕಲ್ಲ, ಅದನ್ನೂ ಮಾಡ್ತಿರಲಿಲ್ಲ. ಹೆಂಡ್ತಿನ ಕೇಳಿದ್ರೆ ಎಲ್ಲಾ ಸರಿಯಾಗಿದೆ ಅಂತಿದ್ರು, ಟ್ರೀಟ್‌ಮೆಂಟ್ ಹಳ್ಳ ಹಿಡೀತಿತ್ತು ಅಷ್ಟೆ.

ವೀಲ್‌ಚೇರ್ ವಿಷಯಾನೂ ಹೇಳ್ಬಿಡ್ತೀನಿ. ಕೇಳದೇನೇ ಹಿಂದಿನಿಂದ ತಳ್ಳಬೇಡಿ, ಅವ್ರ ಕೈ ಚಕ್ರದ ಮೇಲಿದ್ರೆ ಬೆರಳು ಸಿಕ್ಕಾಕ್ಕೊಳ್ಳುತ್ತೆ, ಮುಂದಿನ ಚಿಕ್ಕ ಚಕ್ರ ಗುಂಡೀಲಿ ಸಿಕ್ರೆ ಮುಗ್ಗರಿಸಿ ಮುಖ ಅಡಿಯಾಗಿ ಬೀಳ್ತಾರೆ. "ತಳ್ಲಾ ಅಣ್ಣ?" ಅಂದ್ರೆ ಸಾಕು, ಬೇಡ ಅಂದ್ರೆ ಬೇಡ, ಬೇಜಾರ್ ಮಾಡ್ಕೋಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ, ನಾಲ್ಕು ಜನರೆದುರು ಬೇಕಂತಲೇ ಅವಮಾನ ಮಾಡಿದ್ರೆ 6 ತಿಂಗಳಿಂದ 5 ವರ್ಷ ಜೈಲು, ಮೇಲೆ ದಂಡ ಅಂತ 92ನೇ ಸೆಕ್ಷನ್ ಇದೆ. ಕುಂಟ ಅಂತ ರೇಗಿಸೋರಿಗೆ ಅದನ್ನ ತೋರಿಸ್ಬಹುದು. ಅವ್ರನ್ನ ಬಿಟ್ಟು ಹೆಂಡ್ತಿನ ಕೇಳಿದ್ನಲ್ಲ, ನಾನು ಮಾಡಿದ್ದು ಯಾವ ಸೆಕ್ಷನ್ನಿಗೂ ಬರಲ್ಲ, ಬೈಗುಳದ ಥರ ಕೇಳ್ಸೋದೇ ಇಲ್ವಲ್ಲ ಅದು.

ಹೋಗ್ತಾ ಅವ್ರು ನನ್ನ ಕ್ಲಿನಿಕ್ಕಿನ ರ‍್ಯಾಂಪನ್ನೂ ಬಿಡ್ಲಿಲ್ಲ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ನಾನು ಹಾಕ್ಸಿದ್ದು ನಾಲ್ಕಡಿ, ಅದು ರ‍್ಯಾಂಪಲ್ಲ ಜಾರುಬಂಡೆ. ಒಡೆಸಿ ಉದ್ದ ಮಾಡ್ಸಿದೀನಿ. ಈಗ ಬೆಳಿಗ್ಗೆ ಬಂದ್ರೆ ಅದ್ರ ಮೇಲೆ ಯಾರದ್ದಾದ್ರೂ ಸ್ಕೂಟ್ರು ನಿಂತಿರುತ್ತೆ.